ಕಪ್ಪು ಪರದೆಯ ಕೊನೆಯ ಸಾಲು

ಸರ್ವೋತ್ತಮನ ಏಟಿಗೆ ಸುಮಿತ್‌ನ ತಲೆ ತಗಡಿನ ಗೋಡೆಗೆ ಬಡಿಯಿತು. ದುಬೈಯ ರಾಸ್ ಅಲ್ ಖೋರ್‌ನ ಆ ವರ್ಕ್‌ಶಾಪಿನಲ್ಲಿ ದಿನವಿಡೀ ಕಬ್ಬಿಣ ಕಿರುಚುತ್ತದೆ; ಆದರೂ ಈ ಸದ್ದು ಶರ್ಮಿಳಾಳ ಎದೆಗೇ ಬಿತ್ತು.

“ನಾಲ್ಕು ಗಂಟೆಗೆ ಕಬ್ಬಿಣದ ಗೇಟು ಅಬುಧಾಬಿಗೆ ಹೋಗ್ಬೇಕು. ಕತ್ತರಿಸುವ ಮೆಷಿನ್‌ನ ಕಂಪ್ಯೂಟರ್ ಸತ್ತು ಬಿದ್ದಿದೆ! ಮುಟ್ಟಿದ್ದು ಯಾರು? ಹೇಳು, ಇಲ್ಲಾಂದ್ರೆ ಇವತ್ತೇ ನಿನ್ನ ವೀಸಾ ಖಲಾಸ್!”

ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ಸುಮಿತ್ ತಾನೇ ಕಟ್ಟಿದ ಕಂಪ್ಯೂಟರ್ ಅದು. ಅದರ ಮುದಿ ಗ್ರಾಫಿಕ್ಸ್ ಕಾರ್ಡಿಗೆ ಅದನ್ನು ನಡೆಸುವ ಡ್ರೈವರ್ ತಂತ್ರಾಂಶಗಳಲ್ಲಿ ಒಂದೇ ಒಂದು ಹಳೆಯದು ಒಗ್ಗುತ್ತಿತ್ತು; ಹೊಸದು ಹೊಕ್ಕರೆ ಪರದೆ ಕಪ್ಪು. ಹಾಗಾಗಿ ಪ್ರತಿ ಶನಿವಾರ ಸಂಜೆ ಅವನು ಒಬ್ಬನೇ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಅಪ್‌ಡೇಟ್‌ಗಳನ್ನು ಆರಿಸುತ್ತಿದ್ದ.

ಅಣ್ಣ ಸರ್ವೋತ್ತಮನ ಆಫೀಸು ನೋಡಿಕೊಳ್ಳುವ ಶರ್ಮಿಳಾಗೆ ಅವನ ಅಂಥ ಒಂದು ಸಂಜೆ ತನಗಾಗಿ ಬೇಕಾಗಿತ್ತು. ಈ ಶನಿವಾರ ಬೆಳಿಗ್ಗೆ, ಅವನೇ ಮಾಡಿಕೊಟ್ಟ ಲಾಗಿನ್‌ನಿಂದ, ಎಲ್ಲದಕ್ಕೂ ಒಟ್ಟಿಗೆ ‘ಯೆಸ್’ ಒತ್ತಿದ್ದಳು.

ಸುಮಿತ್ ತುಟಿಯ ರಕ್ತ ಒರೆಸಿಕೊಂಡು ನಾಲ್ಕು ಕೀಲಿ ಒತ್ತಿದ. ಕಪ್ಪು ಪರದೆಯಲ್ಲಿ ಬಿಳಿ ಅಕ್ಷರಗಳು ಎದ್ದವು. ಯಾವ ಅಪ್‌ಡೇಟ್ ಯಾರು ಹಾಕಿದ್ದೆಂದು ಲಿನಕ್ಸ್ ತಪ್ಪದೆ ಬರೆದಿಡುತ್ತದೆ. ಕೊನೆಯ ಸಾಲಿನಲ್ಲಿ ಅವಳ ಹೆಸರಿತ್ತು.

ಅವನು ತಿರುಗಿ ಅವಳನ್ನು ನೋಡಿದ. ಊದಿಕೊಂಡ ಕಣ್ಣಿನ ತುದಿಯಲ್ಲಿ ಎಲ್ಲಿಂದಲೋ ಒಂದು ತುಂಟ ನಗು. ಮರುಕ್ಷಣ ಪರದೆ ಅಳಿಸಿದ.

“ನಾನೇ, ಸರ್ವಣ್ಣ.”

ಸ್ಪ್ಯಾನರ್ ಅವನ ಭುಜಕ್ಕೆ ಅಪ್ಪಳಿಸಿತು. ಸುಮಿತ್ ಮೊಣಕಾಲೂರಿದ. ಸರ್ವೋತ್ತಮ ಅದನ್ನು ಮತ್ತೆ ಎತ್ತಿದ.

“ಸುಳ್ಳು!” ಶರ್ಮಿಳಾ ನಡುವೆ ನುಗ್ಗಿದಳು. “ಒತ್ತಿದ್ದು ನಾನು. ನನ್ನ ಹೆಸರು ಅದ್ರಲ್ಲೇ ಉಂಟು, ಓದು!”

ಅಣ್ಣನ ಇನ್ನೊಂದು ಕೈ ತಂಗಿಯ ಕೆನ್ನೆಯತ್ತ ಬೀಸಿ ಬಂತು. ಅದು ತಲುಪಲಿಲ್ಲ. ಈವರೆಗೆ ಎಲ್ಲ ಏಟು ತಿಂದವನು ಆ ಮಣಿಕಟ್ಟನ್ನು ಹಿಡಿದು ತಿರುಚಿದ. ಸರ್ವೋತ್ತಮ ನೋವಿಗೆ ಕೂಗಿದ, ಮತ್ತೊಂದು ಕೈಯ ಸ್ಪ್ಯಾನರ್ ನೆಲಕ್ಕೆ ಬಿತ್ತು.

“ನನಗೆ ಹೊಡೀರಿ. ಇವರನ್ನು ಮುಟ್ಟಿದ್ರೆ ಈ ಕೈ ಮುರೀತೇನೆ.”

“ಹೊಡೆದ ಕೈಯಲ್ಲೇ ಐಸ್ ತಾ ಅಣ್ಣ,” ಎಂದಳು ಶರ್ಮಿಳಾ. “ಇವರ ವೀಸಾ ಖಲಾಸಾದ್ರೆ ನಾನೂ ಇವರ ಜೊತೆಗೇ ಹೊರಟೆ.”

ಕೋಪಕ್ಕೆ ಕಣ್ಣಿಲ್ಲ, ವ್ಯಾಪಾರಕ್ಕೆ ಎರಡು ಕಣ್ಣುಂಟು. ಇಬ್ಬರ ಮುಖವನ್ನೂ ಗಡಿಯಾರವನ್ನೂ ನೋಡಿ ಸರ್ವೋತ್ತಮ ತಲೆ ತಗ್ಗಿಸಿದ. ಹೋಗಿ ಐಸ್ ತಂದ. “ತಪ್ಪಾಯ್ತು ಮಾರಾಯ,” ಎಂದು ಗೋಡೆಗೆ ಹೇಳಿದ.

“ಅವರ ಮುಖ ನೋಡಿ ಹೇಳು.”

ನೋಡಿ ಹೇಳಿ, ಹೊರಗೆ ಹೋದ.

ಸುಮಿತ್ ಒಂದೇ ಕೈಯಲ್ಲಿ ಹೊಸ ಡ್ರೈವರ್ ಕಿತ್ತು ಹಳೆಯದನ್ನು ಹಾಕಿದ. ಶರ್ಮಿಳಾ ಅವನ ಭುಜಕ್ಕೆ ಐಸ್ ಒತ್ತಿ ಹಿಡಿದಳು. ಪರದೆ ಬೆಳಗಿತು.

“ಯಾಕೆ ಒತ್ತಿದ್ದು?”

“ಸಂಜೆ ನಿಮಗೆ ಕೆಲಸ ಇರಬಾರ್ದಂತ.”

ಒಡೆದ ತುಟಿಯಲ್ಲೇ ಅವನು ನಕ್ಕ. ಮತ್ತೊಂದು ಸಾಲು ಟೈಪಿಸಿದ. “ಈ ಡ್ರೈವರನ್ನು ಕಟ್ಟಿ ಹಾಕಿದೆ. ಇನ್ನು ಯಾವ ಅಪ್‌ಡೇಟ್ ಬಂದ್ರೂ ಜಾಗ ಬಿಡೋದಿಲ್ಲ.”

“ಮತ್ತೆ ನಾನು?”

“ನಿಮ್ಮನ್ನು ಕಟ್ಟಿ ಹಾಕ್ಲಿಕ್ಕೆ ಕಮಾಂಡ್ ಇಲ್ಲ. ಕೇಳ್ಬೇಕಷ್ಟೆ. ಇರ್ತೀರಾ, ನನ್ನ ಜೊತೆ?”

ಅವಳು ಬಾಯಿ ತೆರೆಯುವ ಮೊದಲೇ ಹೊರಗಿನಿಂದ ಸರ್ವೋತ್ತಮನ ಕೂಗು: “ಅವಳು ಬೆಳಿಗ್ಗೆಯೇ ಎಲ್ಲದಕ್ಕೂ ಯೆಸ್ ಒತ್ತಿ ಆಗಿದೆ! ಯಲ್ಲಾ, ಬೇಗ ಗೇಟು ಕತ್ತರಿಸಿ!”