ಭಾನುವಾರ ತಣ್ಣಗಾಗುವ ಮನೆ

"ನೀವು ಬಾಯ್ಲರ್ ರಿಪೇರಿಗೆ ಬಂದೋರಾ, ಇಲ್ಲ ದಾರಿ ತಪ್ಪಿದ ಮದುವೆ ನೆಂಟರಾ?"

ವರ್ಷಿಣಿ ಇಂಗ್ಲಿಷಿನಲ್ಲಿ ಹೀಗೆ ಕೇಳಿದ್ದಕ್ಕೆ ಬಾಗಿಲಲ್ಲಿ ನಿಂತಿದ್ದ ಯಶವಂತ್ ನಕ್ಕುಬಿಟ್ಟ. ಇಸ್ತ್ರಿ ಶರ್ಟು, ಮಿರಿಮಿರಿ ಶೂ... ವರ್ಷಿಣಿ ಅನುಮಾನಪಟ್ಟದ್ದರಲ್ಲಿ ತಪ್ಪೇನಿಲ್ಲ ಬಿಡಿ.

"ಔಷಧಿ ಫ್ಯಾಕ್ಟರೀಲಿ ಇಂಜಿನಿಯರ್ ರೀ. ಬಾಯ್ಲರ್ ನೋಡ್ಕೊಳ್ಳೋದೇ ಕೆಲ್ಸ. ನಿಮ್ಮ ಫ್ರೆಂಡ್ ನಿಕಿತಾ ಕಳ್ಸಿದ್ರು."

ಕನ್ನಡ! ಅವಳ ಸಿಡುಕು ಅರ್ಧ ಅಲ್ಲೇ ಇಳಿಯಿತು.

ನೈರೋಬಿಯಲ್ಲಿ ಚಳಿಯಾ ಅಂತ ಬೆಂಗಳೂರಿನವರು ನಗುತ್ತಾರೆ. ಜುಲೈನಲ್ಲಿ ಇಲ್ಲಿನ ಸ್ಪ್ರಿಂಗ್ ವ್ಯಾಲಿ ಬಡಾವಣೆಗೆ ಬಂದು ಒಂದು ರಾತ್ರಿ ಮಲಗಲಿ, ಗೊತ್ತಾಗುತ್ತದೆ! ವರ್ಷಿಣಿಗೆ ಅವಳು ಕೆಲಸ ಮಾಡುವ ಬ್ಯಾಂಕಿನವರು ಕೊಟ್ಟದ್ದು ಹಳೇ ಬಂಗಲೆ. ಬಾಯ್ಲರಿನಲ್ಲಿ ಕಾದ ನೀರು ಹರಿದು ಕೋಣೆ ಕೋಣೆಯ ರೇಡಿಯೇಟರನ್ನು ಬಿಸಿ ಮಾಡಬೇಕಿತ್ತು, ಮಾಡುತ್ತಿರಲಿಲ್ಲ. ನ್ಯುಮೋನಿಯಾದಿಂದ ಎದ್ದ ಅಪ್ಪ ದ್ವಾರಕಾನಾಥ್ ಎರಡು ಸ್ವೆಟರ್ ಹಾಕಿಕೊಂಡೂ ನಡುಗುತ್ತಿದ್ದರು. ಮನೆ ಬೆಚ್ಚಗಾಗದಿದ್ದರೆ ಕೆಲಸ ಬಿಟ್ಟು ಅಪ್ಪನೊಂದಿಗೆ ಬೆಂಗಳೂರಿಗೆ ಹೊರಡುವುದೆಂದು ಅವಳು ನಿರ್ಧರಿಸಿದ್ದಳು.

ಆ ಶನಿವಾರ ಯಶವಂತ್ ರೇಡಿಯೇಟರುಗಳಲ್ಲಿ ಸಿಕ್ಕಿದ್ದ ಗಾಳಿಯನ್ನು ಬುಸ್ಸೆಂದು ಹೊರಗೆ ಬಿಟ್ಟ. ಸಂಜೆಗೆ ಮನೆ ಬೆಚ್ಚಗಾಯಿತು. ಭಾನುವಾರ ಬೆಳಿಗ್ಗೆ... ಮತ್ತೆ ತಣ್ಣಗೆ!

ಮುಂದಿನ ಶನಿವಾರ ಪಂಪು ಬಿಚ್ಚಿದ. ಉಳಿದ ದಿನವೆಲ್ಲ ಬೆಚ್ಚಗಿರುತ್ತಿದ್ದ ಮನೆ ಮರುದಿನ ಭಾನುವಾರ ಮತ್ತೆ ಮುಷ್ಕರ ಹೂಡಿತು. ಅವನಿಗೋ ತಲೆಬುಡ ತಿಳಿಯಲಿಲ್ಲ. ಅವಳಿಗೆ ಮಾತ್ರ ಶನಿವಾರ ಬಂತೆಂದರೆ ಕನ್ನಡಿ ಮುಂದೆ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ.

'ಛೇ, ಏನಾಗಿದೆ ನನಗೆ? ಬಾಯ್ಲರ್ ನೋಡೋಕೆ ಬರೋನಿಗೆ ಕಾಡಿಗೆ ಯಾಕೆ?'

ಆ ವಾರ ನಿಕಿತಾ ಫೋನಿನಲ್ಲಿ ಕಿಸಕ್ಕೆಂದಳು. "ಫ್ಯಾಕ್ಟರಿ ಬಾಯ್ಲರನ್ನೇ ಪಳಗಿಸೋನಿಗೆ ಇದು ಬರಲ್ವೇನೆ? ನಿನ್ನ ನೋಡೋಕೆ ಬೇಕಂತ್ಲೇ ಅರ್ಧ ಬಿಡ್ತಿದಾನೆ!"

ತಮಾಷೆಯ ಮಾತು. ಆದರೆ ಮರು ಭಾನುವಾರ ಮುಂಜಾನೆ ಅಪ್ಪ ಎದೆ ಹಿಡಿದುಕೊಂಡು ಕೆಮ್ಮಿದಾಗ ಅದು ಮುಳ್ಳಾಗಿ ಚುಚ್ಚಿತು. ಅವಳು ಯಶವಂತ್‌ಗೆ ಫೋನ್ ಮಾಡಿದಳು. ಅವನು ಓಡೋಡಿ ಬಂದ.

"ನನ್ನ ನೋಡ್ಬೇಕಿದ್ರೆ ಹೇಳ್ಬಹುದಿತ್ತಲ್ಲ! ನಿಮ್ಮ ಆಟಕ್ಕೆ ನಮ್ಮಪ್ಪನ ಜೀವ ಬೇಕಿತ್ತಾ? ನಾವು ಊರಿಗೆ ಹೋಗ್ತೀವಿ. ಇನ್ನು ಬರ್ಬೇಡಿ!"

ಅವನ ಮುಖ ಬಿಳುಚಿತು.

"ಕೊನೇ ಸಲ ನೋಡ್ತೀನಿ... ಆಮೇಲೆ ಹೋಗ್ತೀನಿ."

ನಡುಮನೆಗೆ ಹೋದವನು ಅಲ್ಲೇ ನಿಂತ. ಗೋಡೆಯ ಮೇಲಿನ ಥರ್ಮೋಸ್ಟಾಟ್ ಪೆಟ್ಟಿಗೆಯ ಕೆಳಗೆ ಟೇಬಲ್ ಲ್ಯಾಂಪು ಉರಿಯುತ್ತಿತ್ತು. ಪಕ್ಕದಲ್ಲಿ ಶಾಲು ಹೊದ್ದ ದೊಡ್ಡ ಪಾತ್ರೆ.

"ಇದೇನ್ರೀ?"

"ದೋಸೆ ಹಿಟ್ಟು. ಈ ಚಳಿಗೆ ಹುದುಗು ಬರೋದೇ ಇಲ್ಲ. ಅದಕ್ಕೆ ಶನಿವಾರ ನೀವು ಹೋದ್ಮೇಲೆ ರುಬ್ಬಿ, ಲ್ಯಾಂಪ್ ಹಚ್ಚಿ ಇಡ್ತೀನಿ..."

ಯಶವಂತ್ ಹಣೆ ಬಡಿದುಕೊಂಡ. "ಅಯ್ಯೋ ದೇವ್ರೆ! ಕೋಣೆ ಎಷ್ಟು ಬೆಚ್ಚಗಿದೆ ಅಂತ ಬಾಯ್ಲರಿಗೆ ಹೇಳೋದೇ ಈ ಪೆಟ್ಟಿಗೆ. ಲ್ಯಾಂಪಿನ ಕಾವು ತಗುಲಿ, ಮನೆಯೆಲ್ಲ ಬೆಚ್ಚಗಿದೆ ಅಂತ ರಾತ್ರಿಯೆಲ್ಲ ಬಾಯ್ಲರ್ ನಿಲ್ಲಿಸಿದೆ!"

ಲ್ಯಾಂಪು ಆರಿಸಿ, ಪಾತ್ರೆಯನ್ನು ಅಡುಗೆಮನೆಗೆ ಒಯ್ದ. ತುಸು ಹೊತ್ತಿಗೆ ಬಾಯ್ಲರ್ ಗುರ್ರೆಂದಿತು. ವರ್ಷಿಣಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಒಳಗಿನಿಂದ ಅಪ್ಪ ಕೂಗಿದರು. "ಕೋಪ ಮೂಗಿನ ತುದೀಲೇ ಇದೆ ನಮ್ಮ ಹುಡ್ಗಿಗೆ. ಬೇಜಾರ್ ಮಾಡ್ಕೋಬೇಡಪ್ಪಾ!"

"ಇಲ್ಲ ಅಂಕಲ್." ಅವನ ದನಿ ಸಣ್ಣದಾಗಿತ್ತು. "ವರ್ಷಿಣಿ, ಬೇಕಂತ ಕೆಡಿಸ್ಲಿಲ್ಲ ನಾನು. ಆದ್ರೆ... ರಿಪೇರಿ ಆಯ್ತು ಅಂತ ಹೇಳುವಾಗೆಲ್ಲ ಇನ್ನು ಬರೋ ಹಾಗಿಲ್ವಲ್ಲ ಅಂತ ಬೇಜಾರಾಗೋದು. ಅದಂತೂ ನಿಜ."

ಅವನು ಬಾಗಿಲ ಕಡೆ ತಿರುಗಿದ. ಈಗ ಬಿಟ್ಟರೆ ಹೋಗಿಯೇಬಿಡುತ್ತಾನೆ!

"ಯಶವಂತ್... ಪೋಲೆ ಸಾನಾ." ಗಾಬರಿಯಲ್ಲಿ ಇಲ್ಲಿನ ಸ್ವಾಹಿಲಿಯೇ ಬಾಯಿಗೆ ಬಂತು. "ಕ್ಷಮಿಸಿ. ಮುಂದಿನ ಶನಿವಾರ ಬರ್ತೀರಾ?"

"ಏನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ. ನಾವು ಊರಿಗೂ ಹೋಗ್ತಿಲ್ಲ." ಅವಳ ಕಣ್ಣು ತುಂಬಿ ಬಂತು. "ನೀವು ಅಂದ್ರೆ ನಂಗಿಷ್ಟ. ಇನ್ಮೇಲೆ ಏನೂ ಕೆಡದೆ ಇದ್ರೂ ಬರ್ಬೇಕು."

ಅವನು ತಿರುಗಿ ಅವಳ ಹತ್ತಿರ ಬಂದು, ತಣ್ಣಗಿದ್ದ ಅವಳ ಬೆರಳುಗಳನ್ನು ಮೆಲ್ಲಗೆ ಹಿಡಿದುಕೊಂಡ.

"ಶನಿವಾರದ ತನಕ ಯಾಕೆ? ಇವತ್ತು ಇಲ್ಲೇ ಇರ್ಲಾ?"

"ಇರಿ," ಎಂದಳು ವರ್ಷಿಣಿ.