ಪೇಸ್ಟ್ ಒಣಗುವ ತನಕ

"ಮುಟ್ಬೇಡಿ."

ಆ ಒಂದು ಮಾತಿಗೆ ಅವನು ಚಾಚಿದ್ದ ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡ. ಅಷ್ಟು ಬೇಗ ಎಳೆದುಕೊಳ್ಳುವಂಥ ಮಾತೇನೂ ಅದಲ್ಲ ಎಂದು ಕೋಮಲಾಳಿಗೆ ಅನಿಸಿತು. ಹಾಗೇಕೆ ಮಾಡಿದ ಎಂಬುದು ಅವಳಿಗೆ ತಿಳಿದದ್ದು ಬಹಳ ದಿನಗಳ ಮೇಲೆ.

"ಅದು ನಮ್ಮಣ್ಣಂದು," ಎಂದಳು ಮೆಲ್ಲಗೆ. "ಅವ್ನು ಹೋದ್ಮೇಲೆ ಯಾರೂ ಕೈ ಇಟ್ಟಿಲ್ಲ. ಒಂದ್ನಿಮಿಷ ಇರಿ... ಮೊದ್ಲು ನಾನು ಒರೆಸ್ತೀನಿ."

ಅವನ ಮುಖದ ಬಿಗಿ ಸಡಿಲವಾಯಿತು. ಚೀಲ ಕೆಳಗಿಟ್ಟು ಗೋಡೆಗೆ ಒರಗಿ ನಿಂತ. ಅವಳು ಸೆರಗಿನ ತುದಿಯಿಂದ ಆ ಕಪ್ಪು ಪೆಟ್ಟಿಗೆಯ ನಾಲ್ಕೂ ಮೈ ಒರೆಸುವವರೆಗೆ ಕಾದ.

ಅವನ ಹೆಸರು ಚಂದ್ರಕುಮಾರ್. ಊರು ತರೀಕೆರೆಯ ಕಡೆ; ಕಡೂರಿನ ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ. ಪ್ಯಾಸೆಂಜರ್ ರೈಲು ಹತ್ತಿ, ಬೀರೂರು ದಾಟಿ ಅಜ್ಜಂಪುರಕ್ಕೆ ಬಂದಿದ್ದ.

ಅಣ್ಣ ಹಾಲೇಶ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ತರೀಕೆರೆಯಿಂದ ಬೈಕಿನಲ್ಲಿ ಹೊರಟವನು ಮನೆ ಮುಟ್ಟಲಿಲ್ಲ. ಅವನು ಬಿಟ್ಟು ಹೋದದ್ದು ಈ ಕಂಪ್ಯೂಟರ್. ಆಟಕ್ಕೆಂದು ತಂದ ಗ್ರಾಫಿಕ್ಸ್ ಕಾರ್ಡನ್ನು ಅವನು ಕ್ರಿಪ್ಟೊ ಮೈನಿಂಗ್‌ಗೆ ಕೂರಿಸಿದ್ದ. ಕಾರ್ಡು ಹಗಲಿರುಳು ಲೆಕ್ಕ ಬಿಡಿಸುತ್ತದೆ. ಬಿಡಿಸಿದ್ದಕ್ಕೆ ಕಾಣದ ಕಡೆಯಿಂದ ಕಾಣದ ನಾಣ್ಯದ ಚೂರು ಬಂದು ಬೀಳುತ್ತದೆ. ಆ ಫ್ಯಾನುಗಳ ಗುಂಯ್‌ಗುಟ್ಟುವ ಸದ್ದಿನಲ್ಲೇ ತಾಯಿ ಸಾವಿತ್ರಮ್ಮ ಮೂರು ವರ್ಷ ನಿದ್ದೆ ಮಾಡಿದ್ದರು. ಮಗ ಹೋದ ಮೂರನೇ ತಿಂಗಳಿಗೆ ಮೆಷಿನ್ನೂ ನಿಂತಿತು. ಅಂದಿನಿಂದ ಆಕೆಗೆ ನಿದ್ದೆಯಿಲ್ಲ.

ಚಂದ್ರಕುಮಾರ್ ಪ್ರಾಮಾಣಿಕವಾಗಿಯೇ ಹೇಳಿದ. ಈಗಿನ ಕಾಲದಲ್ಲಿ ಮನೆಯ ಒಂದು ಕಾರ್ಡಿನಿಂದ ಕರೆಂಟ್ ಬಿಲ್ಲೂ ಹುಟ್ಟುವುದಿಲ್ಲ. ಮೇಲಾಗಿ ನಾಣ್ಯ ಹೋಗಿ ಬೀಳುವುದು ಹಾಲೇಶನ ವ್ಯಾಲೆಟ್ಟಿಗೆ, ಆ ನಾಣ್ಯಗಳ ಕಾಣದ ಚೀಲಕ್ಕೆ; ಅದನ್ನು ತೆರೆಯುವ ಗುಟ್ಟಿನ ಪದಗಳು ಅವನೊಂದಿಗೇ ಹೋಗಿವೆ.

"ನಮಗೆ ನಾಣ್ಯ ಬೇಡ," ಎಂದಳು ಕೋಮಲಾ. "ಸದ್ದು ಬೇಕು. ಅಮ್ಮಂಗೆ."

ಅವನು ಅವಳನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಕುಳಿತು ಕೆಲಸ ಶುರು ಮಾಡಿದ.

ಮೈನಿಂಗ್ ಮಾಡುವವರು ಗುಂಪು ಕಟ್ಟಿಕೊಂಡು ದುಡಿಯುತ್ತಾರಂತೆ, ಅದಕ್ಕೆ ಪೂಲ್ ಎನ್ನುತ್ತಾರಂತೆ. ಹಾಲೇಶ ಸೇರಿದ್ದ ಪೂಲ್ ಮುಚ್ಚಿಹೋಗಿತ್ತು. ಹೊಸದಕ್ಕೆ ಸೇರಿಸಬೇಕು. ಒಂದು ಪುಟ್ಟ ಫೈಲು, ಅದರಲ್ಲಿ ಒಂದೇ ಸಾಲು: ಪೂಲಿನ ವಿಳಾಸ, ವ್ಯಾಲೆಟ್ಟಿನ ಉದ್ದನೆಯ ಅಕ್ಷರಗಳು, ಒಂದು ಚುಕ್ಕೆ, ಚುಕ್ಕೆಯ ಮುಂದೆ ಮೆಷಿನ್ನಿಗೆ ಇಟ್ಟ ಹೆಸರು. ಅಲ್ಲಿ 'ಹಾಲೇಶ' ಎಂದೇ ಇತ್ತು, ಇಂಗ್ಲಿಷ್ ಅಕ್ಷರದಲ್ಲಿ. ಚಂದ್ರಕುಮಾರ್ ಅದನ್ನು ಅಳಿಸಲಿಲ್ಲ.

ಆದರೆ ಮೈನಿಂಗ್ ಪ್ರೋಗ್ರಾಂ ಹಾಕಿದ ಕೂಡಲೇ ಮಾಯವಾಗುತ್ತಿತ್ತು. ಎರಡು ಸಲ ಹಾಕಿದ, ಎರಡು ಸಲವೂ ಮಾಯ. ಕೋಮಲಾ ಗಾಬರಿಯಾದಳು.

ಅವನು ನಕ್ಕ. "ಆಂಟಿವೈರಸ್ ಕೆಲ್ಸ ಕಣ್ರೀ. ಇಂಥ ಪ್ರೋಗ್ರಾಂ ಕಂಡ್ರೆ ಕಳ್ಳ ಅಂತ ಹಿಡ್ದಾಕ್ಬಿಡುತ್ತೆ. ಇವ್ನು ಕಳ್ಳ ಅಲ್ಲ ಅಂತ ಮನೆಯೋರು ಹೇಳ್ಬೇಕು. ಇಲ್ಲಿ ಒತ್ತಿ, ನೀವೇ ಹೇಳಿ."

ಅವಳು ಒತ್ತಿದಳು.

ಫ್ಯಾನು ತಿರುಗಿತು. ಹಳೆಯ ಸದ್ದು ಮನೆಯೊಳಕ್ಕೆ ಬಂತು...

ಸಾವಿತ್ರಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಕಣ್ಣು ಮುಚ್ಚಿ ಕೇಳಿದರು. ದೇವರ ಕೋಣೆಗೆ ಹೋಗಿ, ಹದಿನಾಲ್ಕು ತಿಂಗಳಿಂದ ಮುಚ್ಚಿದ್ದ ಆ ಬಾಗಿಲನ್ನು ತೆರೆದರು. ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ತಿಕ್ಕಿಕೊಂಡು ಬಂದು, ಮೆಷಿನ್ನಿನ ಮುಂದಿನ ಜಾಲರಿಗೆ ಮೂರು ಬೆರಳಿನಿಂದ ಎಳೆದರು. ಮಗನ ಹಣೆಗೆ ಎಳೆದ ಹಾಗೆ.

ಕೋಮಲಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಅವನನ್ನು ಬೀಳ್ಕೊಡಲು ಬೀದಿಯವರೆಗೂ ಬಂದಾಗ ಅವಳಿಗೆ ಮಾತು ತಡೆಯಲಾಗಲಿಲ್ಲ. ಅಣ್ಣ ಹೋದಂದಿನಿಂದ ಅಮ್ಮ ದೇವರ ಮೇಲೆ ಮುನಿಸಿಕೊಂಡಿದ್ದರು, ದೀಪ ಹಚ್ಚಿರಲಿಲ್ಲ, ವಿಭೂತಿ ಮುಟ್ಟಿರಲಿಲ್ಲ ಎಂದೆಲ್ಲ ಹೇಳಿ, "ಇವತ್ತು ನಮ್ಮನೆಗೆ ದೇವ್ರು ವಾಪಸ್ ಬಂದಂಗಾಯ್ತು ಕಣ್ರೀ. ನಿಮ್ಮಿಂದ," ಎಂದಳು.

ಆ ಮಾತನ್ನು ಅವನು ಎಷ್ಟು ಆಳಕ್ಕೆ ಇಟ್ಟುಕೊಂಡ ಎಂಬುದು ಅವಳಿಗೆ ಆಗ ಗೊತ್ತಾಗಲಿಲ್ಲ.

ಹತ್ತು ದಿನ ಚೆನ್ನಾಗಿ ನಡೆಯಿತು. ಹನ್ನೊಂದನೆಯ ದಿನ ಫ್ಯಾನುಗಳು ಕಿರುಚತೊಡಗಿದವು. ಅರವತ್ತನಾಲ್ಕು ಡಿಗ್ರಿಯಲ್ಲಿದ್ದ ಕಾರ್ಡಿನ ಬಿಸಿ ತೊಂಬತ್ತಕ್ಕೆ ಏರಿ, ಮೆಷಿನ್ನು ನಿಂತೇಹೋಯಿತು.

ಚಂದ್ರಕುಮಾರ್ ಸಂಜೆಯ ರೈಲಿಗೆ ಬಂದ. ಕಾರ್ಡನ್ನು ಬಿಚ್ಚಿ ಜಗಲಿಗೆ ಒಯ್ದು, ಅವಳಿಗೆ ಬೆನ್ನು ಮಾಡಿ ಕುಳಿತು ಬ್ರಷ್ ಆಡಿಸಿದ. ಏನಾಗಿತ್ತು ಎಂದರೆ "ಸ್ವಲ್ಪ ಧೂಳು" ಎಂದ. ಬಿಸಿಯನ್ನು ಎಳೆದು ಸಾಗಿಸಲು ಕಾರ್ಡಿನ ಚಿಪ್‌ ಮೇಲೆ ಬೂದುಬಣ್ಣದ ಒಂದು ಪೇಸ್ಟ್ ಹಚ್ಚಿದ.

"ಇದು ಒಣಗ್ಬೇಕು. ಒಂದ್ಗಂಟೆ ಕಾಯ್ಬೇಕಾಗುತ್ತೆ," ಎಂದ.

ಆ ಒಂದು ಗಂಟೆ ಅವರಿಬ್ಬರೂ ಮಂಡಕ್ಕಿ ತಿನ್ನುತ್ತಾ ಜಗಲಿಯಲ್ಲಿ ಕುಳಿತರು. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ತಾನು ಮಾಡುವ ಕೆಲಸದ ಬಗ್ಗೆ ಹೇಳಿದಳು. ಅವನು ಅಂಗಡಿಗೆ ಬರುವ ಗಿರಾಕಿಗಳನ್ನು ಅಣಕಿಸಿ ತೋರಿಸಿದ. ಹದಿನಾಲ್ಕು ತಿಂಗಳ ಮೇಲೆ ಆ ಜಗಲಿಯಲ್ಲಿ ನಗು ಕೇಳಿತು.

ಹೋಗುವಾಗ ಅವನು ಜಾಲರಿಗೆ ಒಂದು ತೆಳು ಬಟ್ಟೆ ಕಟ್ಟಿ ಹೋದ. ಮುಖ ಮುಚ್ಚಿದ ಹಾಗಾಯಿತು ಎಂದು ಸಾವಿತ್ರಮ್ಮ ಮಾರನೆಯ ದಿನವೇ ಅದನ್ನು ಬಿಚ್ಚಿ ಮಡಿಸಿಟ್ಟರು.

ಮತ್ತೆ ಹತ್ತು ದಿನಕ್ಕೆ ಅದೇ ಕಥೆ. ಮತ್ತೆ ಹತ್ತು ದಿನಕ್ಕೆ ಮತ್ತೂ ಅದೇ. ಪ್ರತಿಸಲವೂ ಸ್ವಲ್ಪ ಧೂಳು, ಪೇಸ್ಟ್, ಒಂದು ಗಂಟೆ.

ಈ ನಡುವೆ ಕೋಮಲಾಳಿಗೆ ಒಂದು ಹೊಸ ರೋಗ ಅಂಟಿಕೊಂಡಿತ್ತು. ಲ್ಯಾಬಿನಿಂದ ಬಂದವಳೇ ಕಾಲು ತೊಳೆಯುವ ಮೊದಲು ಮೆಷಿನ್ನಿನ ಪರದೆ ನೋಡುವಳು. ಅರವತ್ತೆಂಟು. ಎಪ್ಪತ್ತು. ಎಪ್ಪತ್ಮೂರು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಬಿಸಿ ಏರಬಾರದು, ಅಮ್ಮನ ನಿದ್ದೆ ಕೆಡುತ್ತದೆ. ಬಿಸಿ ಏರದಿದ್ದರೆ ಅವನು ಬರುವುದಿಲ್ಲ...

'ಛೆ, ಎಂಥ ಮಗಳು ನಾನು?' ಎಂದು ತನ್ನನ್ನೇ ಬೈದುಕೊಳ್ಳುವಳು.

ಹೀಗಿರುವಾಗ ದೊಡ್ಡಪ್ಪ ಷಣ್ಮುಖಪ್ಪ ಸಖರಾಯಪಟ್ಟಣದಿಂದ ಬಂದರು. ತೆಂಗಿನಕಾಯಿ ಚೀಲ ಇಳಿಸಿ, ಎಲ್ಲ ವಿಚಾರಿಸಿ, ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು.

"ಹತ್ ದಿನಕ್ಕೊಂದ್ಸಲ ಕೆಡೋ ಮೆಷಿನ್ನ ನಾನ್ ಕಂಡಿಲ್ಲ ಕಣಮ್ಮ. ಕೆಡೋದು ಮೆಷಿನ್ನೋ, ಕೆಡ್ಸೋದು ಅವ್ನೋ?"

ಅಷ್ಟಕ್ಕೇ ಬಿಡಲಿಲ್ಲ. ಆ ಹುಡುಗ ಯಾರ ಪೈಕಿ ಎಂದು ವಿಚಾರಿಸಿದ್ದೀರಾ, ಅವರ ಮನೆಯಲ್ಲಿ ಬುದ್ಧನ ಫೋಟೋ ಇಟ್ಟಿದ್ದಾರಂತೆ, ಅಂಥವನನ್ನು ದೇವರ ಕೋಣೆಯ ಪಕ್ಕದಲ್ಲೇ ಕೂರಿಸಿಕೊಂಡಿದ್ದೀರಿ ಎಂದರು. ಸಾವಿತ್ರಮ್ಮ ಎದ್ದು ಒಳಗೆ ಹೋದರು. ಕೋಮಲಾಳ ಎದೆಯಲ್ಲಿ ಮಾತ್ರ 'ಕೆಡ್ಸೋದು ಅವ್ನೋ' ಎಂಬ ಮೊದಲನೇ ಮಾತು ಮುಳ್ಳಿನಂತೆ ಮುರಿದುಕೊಂಡಿತು.

ತಾನು ಒಳಗೊಳಗೇ ಬಯಸಿದ್ದನ್ನು ಅವನು ಕೈಯಾರೆ ಮಾಡಿಬಿಟ್ಟಿದ್ದರೆ? ಅಮ್ಮನ ನಿದ್ದೆಯನ್ನು ಕೆಡಿಸಿ ತನ್ನ ಬಳಿಗೆ ಬರುವ ದಾರಿ ಮಾಡಿಕೊಂಡಿದ್ದರೆ?

ನಾಲ್ಕನೆಯ ಸಲ ರಿಪೇರಿಗೆಂದು ಅವನು ಬಂದ ದಿನ, ಟೇಬಲ್ಲಿನ ಮೇಲಿದ್ದ ಅವನ ಫೋನಿನ ಪರದೆ ಬೆಳಗಿತು. ಅದರಲ್ಲಿ ಪೂಲಿನ ಪುಟ, ಹಾಲೇಶನ ಹೆಸರು, ತಮ್ಮ ಮನೆಯ ಮೆಷಿನ್ನಿನ ಏರಿಳಿತ. ಅವಳ ಸಂಶಯಕ್ಕೆ ಅಷ್ಟು ಸಾಕಾಯಿತು.

"ನೀವು ಕಡೂರಲ್ಲಿ ಕೂತು ಇದನ್ನ ನೋಡ್ತಾ ಇರ್ತೀರಾ?"

"ದಿನಾ ನೋಡ್ತೀನಿ. ವ್ಯಾಲೆಟ್ ವಿಳಾಸ ಗೊತ್ತಿದ್ರೆ ಯಾರ್ ಬೇಕಾದ್ರೂ ನೋಡ್ಬೋದು. ಇದು ನಡೀತಿದ್ರೆ ಇಲ್ಲಿ ಅಮ್ಮ ಮಲಗಿದಾರೆ ಅಂತ ನಂಗೂ ಸಮಾಧಾನ..."

"ನಿಂತ್ರೆ ಬರೋಕೊಂದು ನೆಪ. ಅಲ್ವಾ? ನೀವೇ ಕೆಡಿಸ್ತಾ ಇದ್ದೀರಾ?"

ಅವನ ಕೈಯಲ್ಲಿದ್ದ ಬ್ರಷ್ ನಿಂತಿತು.

"ಬರೋಕೆ ನೆಪ ಬೇಕಿತ್ತು. ಅದು ನಿಜ," ಎಂದ. "ಕೆಡಿಸಿದ್ದು ನಾನಲ್ಲ."

"ಮತ್ಯಾರು?"

ಅವನು ದೇವರ ಕೋಣೆಯ ಕಡೆಗೊಮ್ಮೆ ನೋಡಿದ. ಒಳಗೆ ಸಾವಿತ್ರಮ್ಮ ಬತ್ತಿ ಹೊಸೆಯುತ್ತಿದ್ದರು. ಅವನು ಮತ್ತೆ ಬ್ರಷ್ ಆಡಿಸಿದ. ಕಾರ್ಡನ್ನು ಜೋಡಿಸಿ, ಸದ್ದು ಬಂದ ಮೇಲೆ ಎದ್ದ. ಬ್ರಷ್ಷು, ಸ್ಪಿರಿಟ್ ಬಾಟಲಿ, ಸ್ಕ್ರೂಡ್ರೈವರು, ಪೇಸ್ಟಿನ ಟ್ಯೂಬು, ಎಲ್ಲವನ್ನೂ ಟೇಬಲ್ಲಿನ ಮೇಲೆಯೇ ಬಿಟ್ಟ.

"ಇನ್ಮೇಲೆ ಬಿಸಿ ಏರಿದ್ರೆ ನೀವೇ ಬಿಚ್ಚಿ. ಹಿಂದೆ ಏಳು ಸ್ಕ್ರೂ. ನಿಮ್ ಕೈ ನಡುಗಲ್ಲ, ನಾನ್ ನೋಡಿದೀನಿ."

ಆ ದಿನ ಒಂದು ಗಂಟೆ ಕಾಯಲಿಲ್ಲ. ಹೊರಟೇಹೋದ.

ಆಮೇಲಿನ ಹತ್ತು ದಿನಗಳನ್ನು ಕೋಮಲಾ ಹೇಗೆ ಕಳೆದಳೋ ಆ ಶಿವನೇ ಬಲ್ಲ. ಲ್ಯಾಬಿನಲ್ಲಿ ಒಬ್ಬರ ಸೀಸೆಗೆ ಇನ್ನೊಬ್ಬರ ಚೀಟಿ ಅಂಟಿಸಲು ಹೋಗಿ ಎಚ್ಚೆತ್ತುಕೊಂಡಳು. ಫೋನ್ ಕೈಗೆ ತೆಗೆದುಕೊಳ್ಳುವಳು, ಇಡುವಳು. ಅವನು ಕೆಡಿಸುತ್ತಿದ್ದರೆ, ಅವನು ಬಾರದ ಈ ಸಲ ಮೆಷಿನ್ನು ಕೆಡಬಾರದಲ್ಲ? ಪರದೆ ನೋಡುವಳು. ಎಪ್ಪತ್ತು. ಎಪ್ಪತ್ತಾರು. ಎಂಬತ್ಮೂರು...

ಭಾನುವಾರ ಬೆಳಿಗ್ಗೆ ತೊಂಬತ್ತೊಂದಾಗಿ ಮೆಷಿನ್ನು ನಿಂತಿತು. ಮನೆ ಒಮ್ಮೆಗೇ ಕಿವುಡಾದಂತಾಯಿತು.

ಕೋಮಲಾ ಜಗಲಿಯ ಬಿಸಿಲಿಗೆ ಕುಳಿತು ಏಳು ಸ್ಕ್ರೂ ಬಿಚ್ಚಿದಳು. ಕಾರ್ಡಿನ ತಗಡಿನ ಪದರಗಳ ಸಂದಿ ಸಂದಿಯೂ ತುಂಬಿಹೋಗಿತ್ತು. ಬ್ರಷ್ ಆಡಿಸಿದರೆ ಧೂಳು ಉಂಡೆಯಾಗಿ ಬರಬೇಕು, ನೂಲು, ಕೂದಲು ಇರಬೇಕು. ಇದು ಹಾಗಿರಲಿಲ್ಲ. ಹಿಟ್ಟಿಗಿಂತ ನುಣುಪು. ಬಿಳಿ. ಬೆರಳಲ್ಲಿ ತಿಕ್ಕಿ ಮೂಗಿಗೆ ಹಿಡಿದಳು.

ಹುಟ್ಟಿದಾಗಿನಿಂದ ಗೊತ್ತಿರುವ ವಾಸನೆ.

ಸಂಜೆ ಸಂಜೆ ಅಮ್ಮ ಎಳೆಯುವ ಮೂರು ಬೆರಳು. ಜಾಲರಿಯ ಹಿಂದೆ ಉಸಿರೆಳೆದುಕೊಳ್ಳುವ ಎರಡು ಫ್ಯಾನು. 'ಸ್ವಲ್ಪ ಧೂಳು' ಎಂದು ಬೆನ್ನು ಮಾಡಿ ಕುಳಿತವನು... 'ನಮ್ಮನೆಗೆ ದೇವ್ರು ವಾಪಸ್ ಬಂದಂಗಾಯ್ತು' ಎಂದು ಅವನಿಗೆ ಹೇಳಿದವಳು ತಾನೇ. ಇನ್ನು ಅವನು ಏನೆಂದು ಹೇಳಿಯಾನು? ಅದೂ ಅವನು. 'ಮುಟ್ಬೇಡಿ' ಎಂದರೆ ಕೈ ಹಿಂದಕ್ಕೆಳೆದುಕೊಳ್ಳುವುದನ್ನು ಎಳೆತನದಲ್ಲೇ ಕಲಿತವನು. ನಿಮ್ಮ ವಿಭೂತಿಯಿಂದ ಕೆಟ್ಟಿತು ಎಂದು ಅವನ ಬಾಯಿಂದ ಬಂದಿದ್ದರೆ ದೊಡ್ಡಪ್ಪ ಸುಮ್ಮನಿರುತ್ತಿದ್ದರೇ?

ಕಾರ್ಡಿನ ಮೇಲೆ ಕಣ್ಣೀರು ಬೀಳದಂತೆ ಅವಳು ಮುಖ ತಿರುಗಿಸಿದಳು. ತಿರುಗಿಸಿದರೆ ಬಾಗಿಲಲ್ಲಿ ಸಾವಿತ್ರಮ್ಮ ನಿಂತಿದ್ದರು. ಮಗಳ ಬಿಳಿಯಾದ ಅಂಗೈಯನ್ನೇ ನೋಡುತ್ತಿದ್ದರು.

"ನಾನಾ?" ಎಂದರು.

ಕೋಮಲಾ ತಲೆ ತಗ್ಗಿಸಿದಳು.

ಸಾವಿತ್ರಮ್ಮ ಹೊಸ್ತಿಲ ಮೇಲೆ ಕುಳಿತರು. ಆಮೇಲೆ ಕೇಳಿದರು. "ಆ ಹುಡುಗನ್ಗೆ ಗೊತ್ತಿತ್ತಾ?"

"ಮೊದಲ್ನೇ ಸಲಾನೇ ಗೊತ್ತಾಗಿತ್ತಮ್ಮ."

"ಹೆತ್ತೋಳ ಕೈ ತಪ್ಪು ಅಂತ ಹೇಳ್ದೆ, ತಾನೇ ಮಾತು ಕೇಳಿಸ್ಕೊಂಡು ಹೋದ್ನಲ್ಲೇ..." ಸಾವಿತ್ರಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. "ಕರಿ ಅವನ್ನ."

ಕೋಮಲಾ ಸ್ಪಿರಿಟ್ಟಿನಲ್ಲಿ ಒಂದೊಂದೇ ಪದರ ತೊಳೆದಳು. ಪೇಸ್ಟ್ ಹಚ್ಚಿದಳು. ಜೋಡಿಸಿದಳು. ಇಷ್ಟೆಲ್ಲ ಮಾಡಿದ ಕೈಗೆ ಫೋನ್ ಮಾಡುವ ಧೈರ್ಯ ಮಾತ್ರ ಬರಲಿಲ್ಲ. ಯಾವ ಮುಖ ಹೊತ್ತು ಮಾಡುವುದು?

ಆಗ ಅವಳಿಗೆ ಆ ಪುಟ್ಟ ಫೈಲು ನೆನಪಾಯಿತು. ತೆರೆದಳು. ಚುಕ್ಕೆಯ ಮುಂದೆ ಅಣ್ಣನ ಹೆಸರು. ಅದನ್ನು ಅಳಿಸಲಿಲ್ಲ. ಅದಕ್ಕೆ ತಾಗಿಸಿ ಇಂಗ್ಲಿಷ್ ಅಕ್ಷರದಲ್ಲೇ ಬರೆದಳು: ಹಾಲೇಶ, ಕೋಮಲಾ, ಬನ್ನಿ.

ಮೆಷಿನ್ನು ಸದ್ದು ಮಾಡಿತು. ಅವನು ಇನ್ನೂ ನೋಡುತ್ತಿದ್ದರೆ... ನೋಡದಿದ್ದರೆ?

ಮಧ್ಯಾಹ್ನವೆಲ್ಲ ಅವಳು ಒಳಗಿಂದ ಜಗಲಿಗೆ, ಜಗಲಿಯಿಂದ ಒಳಗೆ ತಿರುಗಿದಳು. ದೀಪ ಹಚ್ಚುವ ಹೊತ್ತಿಗೆ ಗೇಟಿನ ಚಿಲಕ ಸದ್ದಾಯಿತು. ಚೀಲವಿಲ್ಲದೆ, ಬರಿಗೈಯಲ್ಲಿ ಚಂದ್ರಕುಮಾರ್ ನಿಂತಿದ್ದ.

"ಪೂಲ್‌ನಲ್ಲಿ ಹೊಸ ಹೆಸ್ರು ಕಾಣ್ತು," ಎಂದ.

ಅವಳು ಜಗಲಿಯಿಂದ ಇಳಿದು ಬಂದಳು. "ಕಳ್ಳ ಅಲ್ಲ ಅಂತ ಮನೆಯೋರು ಹೇಳ್ಬೇಕು ಅಂದಿದ್ರಿ. ನಾನ್ ಹೇಳಲಿಲ್ಲ. ತಪ್ಪಾಯ್ತು."

ಒಳಗೆ ಸಾವಿತ್ರಮ್ಮ ದೇವರ ಕೋಣೆಯಿಂದ ಬಂದಿದ್ದರು. ರೂಢಿಯ ಬಲದಿಂದ ಮೂರು ಬೆರಳಿಗೂ ವಿಭೂತಿ ಹತ್ತಿತ್ತು. ಜಾಲರಿಯ ಮುಂದೆ ಬಂದ ಮೇಲೆ ಎಚ್ಚರವಾಗಿ, ಎತ್ತಿದ ಕೈ ಹಾಗೆಯೇ ನಿಂತಿತ್ತು. ಅವನನ್ನು ಕಂಡರು.

"ನಿಮ್ಮನೇಲಿ ಇದ್ನ ಹಚ್ಚಲ್ಲ ಅಲ್ವೇನಪ್ಪಾ?"

"ಇಲ್ಲಮ್ಮ. ನಮ್ಮವ್ವ ಬುದ್ಧನ ಮುಂದೆ ಒಂದ್ ದೀಪ ಹಚ್ತಾಳೆ. ಅಷ್ಟೆ."

"ಅಷ್ಟಿದ್ರೆ ಸಾಕು," ಎಂದರು ಆಕೆ. ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ಮತ್ತೆ ಈ ಕೈನ ಎಲ್ಲಿ ಇಳಿಸ್ಲಿ ಮಗಾ?"

ಅವನು ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದ. ಆಮೇಲೆ ತಾನಾಗಿಯೇ ಮುಂದೆ ಬಂದು ತಲೆ ಬಾಗಿಸಿದ. ಮೂರು ಬೆರಳು ಅವನ ಹಣೆಯ ಮೇಲೆ ನಿಧಾನವಾಗಿ ಸರಿದವು. ಸಾವಿತ್ರಮ್ಮ ಹೆಚ್ಚು ಹೊತ್ತು ಅಲ್ಲಿ ನಿಲ್ಲಲಾರದೆ, ಕಾಫಿಗೆ ಹಾಲಿಡುವೆನೆಂದು ಒಳಗೆ ಹೋದರು.

ಇಬ್ಬರೇ ಜಗಲಿಗೆ ಬಂದರು; ಕೋಮಲಾ ಕುಳಿತಳು.

"ಮೂರ್ ಸಲ ಧೂಳು ಅಂದ್ರಲ್ಲ," ಎಂದಳು ಕೋಮಲಾ. "ಇನ್ನೇನೇನು ಸುಳ್ಳು ಹೇಳಿದೀರಿ?"

ಅವನು ಕಿವಿಯ ಹಿಂದೆ ಕೆರೆದುಕೊಂಡ. "ಇನ್ನೊಂದಿದೆ. ಆ ಪೇಸ್ಟು... ಅದು ಒಣಗೋಕೆ ಕಾಯೋದೇನೂ ಬೇಡ. ಹಚ್ಚಿದ್ ತಕ್ಷಣ ಮೆಷಿನ್ ಹಾಕ್ಬೋದು. ಅಸಲಿಗೆ ಅದು ಒಣಗಲೇಬಾರ್ದು."

ಅವಳು ಅವನನ್ನೇ ನೋಡಿದಳು. ಅಳು ಬರುತ್ತಿದೆಯೋ ನಗು ಬರುತ್ತಿದೆಯೋ ಅವಳಿಗೇ ತಿಳಿಯಲಿಲ್ಲ. ಪಕ್ಕದಲ್ಲಿ ಜಾಗ ಬಿಟ್ಟು ಸರಿದು ಕುಳಿತಳು.

"ಇವತ್ತು ನಾನೇ ಹಚ್ಚಿದೀನಿ," ಎಂದಳು. "ಒಣಗೋ ತನಕ ಕೂತಿರಿ."