ಮೂರನೆಯ ವಿಳಾಸ

ಮಾರ್ಚ್ ಹನ್ನೊಂದು, ಮಂಗಳವಾರ ಬೆಳಿಗ್ಗೆ ವಿಜಯನಗರದಲ್ಲಿ ವಧೂವರರ ಕೇಂದ್ರ ನಡೆಸುವ ಪಂಚಾಕ್ಷರಿ ಠಾಣೆಗೆ ಬಂದು ದೂರು ಕೊಟ್ಟರು. ಅವರ ಕೇಂದ್ರದ ಹೆಸರಿನಲ್ಲೇ ತುಮಕೂರಿನ ವರನ ಮನೆಗೆ ಯಾರೋ ಮೇಲ್ ಕಳಿಸಿದ್ದರು: 'ಹುಡುಗಿಗೆ ಮೂರ್ಛೆರೋಗವಿದೆ, ಯೋಚಿಸಿ ಮುಂದುವರಿಯಿರಿ.' ಹುಡುಗಿ ನಾಗರಬಾವಿಯ ವಚನಾ. ಅವಳಿಗೆ ಅಂಥ ಯಾವ ಕಾಯಿಲೆಯೂ ಇರಲಿಲ್ಲ. ಹಿಂದೆ ಅವಳಿಗೆ ಬಂದಿದ್ದ ಎರಡು ಸಂಬಂಧಗಳೂ ಕಾರಣ ಗೊತ್ತಾಗದೆ ಮುರಿದಿದ್ದವು. ವಿಚಾರಿಸಿದರೆ ಆ ಮನೆಗಳಿಗೂ ಇಂಥದೇ ಮೇಲ್ ಹೋಗಿತ್ತು.

ರಾತ್ರಿಯ ಬಂದೋಬಸ್ತ್ ಮುಗಿಸಿ ನೇರ ಠಾಣೆಗೇ ಬಂದಿದ್ದ ಇನ್‌ಸ್ಪೆಕ್ಟರ್ ಯೋಗಾನಂದ ಕಣ್ಣುಜ್ಜಿಕೊಳ್ಳುತ್ತಲೇ ಎಫ್‌ಐಆರ್ ಬರೆಸಿದರು.

"ಯಾರ ಮೇಲಾದ್ರೂ ಅನುಮಾನ ಇದ್ಯಾ?"

"ಮಾಗಡಿ ರೋಡಲ್ಲಿ ಇನ್ನೊಂದು ಕೇಂದ್ರ ಇದೆ ಸಾರ್. ಅವರಿಗೆ ನಮ್ಮನ್ನ ಕಂಡ್ರಾಗಲ್ಲ."

ಅಲ್ಲಿ ಏನೂ ಸಿಗಲಿಲ್ಲ. ಮರುದಿನ ಪಂಚರ ಸಮಕ್ಷಮ ಪಂಚನಾಮೆ ಮಾಡಿ, ಕಾನ್‌ಸ್ಟೆಬಲ್ ಕುಸುಮಾ ಕೇಂದ್ರದ ಹಿಂಬದಿ ಕೋಣೆಯ ಮೇಲ್ ಸರ್ವರ್ ಮುಂದೆ ಕೂತರು.

"ಇದು ಸಿಕ್ಕಸಿಕ್ಕವರ ಮೇಲ್‌ಗಳನ್ನ ಹೊರಗೆ ದಾಟಿಸಲ್ಲ ಸಾರ್. ಅನುಮತಿ ಕೊಟ್ಟಿರೋ ಇಂಟರ್ನೆಟ್ ವಿಳಾಸಗಳಿಂದ ಬಂದದ್ದನ್ನ ಮಾತ್ರ ಕಳಿಸುತ್ತೆ. ಇಲ್ಲೀದೊಂದು, ಕೆಂಗೇರಿ ಬ್ರಾಂಚಿಂದೊಂದು. ಮೂರನೇದು ಯಾರದೋ. ಆ ಮೇಲ್‌ಗಳೆಲ್ಲ ಅಲ್ಲಿಂದಲೇ ಬಂದಿರೋದು."

ಶುಕ್ರವಾರ ಇಂಟರ್ನೆಟ್ ಕಂಪನಿಯಿಂದ ಉತ್ತರ ಬಂತು. ಮೂರನೆಯ ವಿಳಾಸ ನಾಗರಬಾವಿಯ ಮನೆಯೊಂದರದು. ಸಂಪರ್ಕ ಶಿವಕ್ಕನ ಹೆಸರಿನಲ್ಲಿತ್ತು. ಶಿವಕ್ಕ ವಚನಾಳ ತಾಯಿ. ಯೋಗಾನಂದ ಬೇಸರದಿಂದ ಟೋಪಿ ಎತ್ತಿಕೊಂಡರು. ಕೊನೆಗೆ ಪ್ರತಿ ಕೇಸೂ ಯಾರದೋ ಮನೆಯೊಳಕ್ಕೇ ಹೋಗಿ ನಿಲ್ಲುತ್ತಿತ್ತು.

ವಚನಾ ಬಾಗಿಲು ತೆರೆದಳು. ಕೈಯಲ್ಲಿ ಗಂಜಿಯ ಬಟ್ಟಲಿತ್ತು. ಒಳಗೆ ಮಂಚದ ಮೇಲೆ, ಪಾರ್ಶ್ವವಾಯು ಬಡಿದು ನಾಲ್ಕು ವರ್ಷದಿಂದ ಮಲಗಿದ್ದಲ್ಲೇ ಇದ್ದ ಶಿವಕ್ಕ.

"ಈ ಸಂಬಂಧ ನಿಮಗೆ ಇಷ್ಟ ಇರ್ಲಿಲ್ವಾಮ್ಮ?"

"ಯಾಕಿಲ್ಲ ಸಾರ್? ಹುಡುಗನ ಜೊತೆ ಮಾತಾಡಿದ್ಮೇಲೆ ನಾನೇ ಒಪ್ಕೊಂಡಿದ್ದು."

"ಮನೇಲಿ ಕಂಪ್ಯೂಟರ್ ಕೆಲಸ ಯಾರಿಗೆ ಗೊತ್ತು?"

"ಅಣ್ಣಂಗೆ. ಪಂಚಾಕ್ಷರಿ ಅಂಕಲ್‌ಗೆ ಮೇಲ್ ಸೆಟಪ್ ಮಾಡ್ಕೊಟ್ಟಿದ್ದೇ ಅವನು..." ವಚನಾ ಬಟ್ಟಲನ್ನು ಮೆಲ್ಲನೆ ಕೆಳಗಿಟ್ಟಳು.

ಶನಿವಾರ ಮಧ್ಯಾಹ್ನ ಅಣ್ಣ ಚನ್ನವೀರೇಶನನ್ನು ಠಾಣೆಗೆ ಕರೆಸಿದರು. ಅವನ ಲ್ಯಾಪ್‌ಟಾಪಿನಲ್ಲಿ ಮೂರೂ ಮೇಲ್‌ಗಳ ಕರಡುಗಳು ಸಿಕ್ಕವು. ಅವನು ವಾದ ಮಾಡಲಿಲ್ಲ.

"ತಂಗಿ ಮೇಲೆ ಏನಯ್ಯಾ ದ್ವೇಷ?"

"ದ್ವೇಷ ಅಲ್ಲ ಸಾರ್. ಅವಳು ಹೋದ್ರೆ ಅಮ್ಮನ್ನ ನೋಡ್ಕೊಳೋರು ಯಾರು? ಕೆಲಸದವರನ್ನ ಇಟ್ವಿ, ಅಮ್ಮ ಅವರ ಕೈಲಿ ಒಂದು ತುತ್ತೂ ತಿನ್ಲಿಲ್ಲ. ನನಗೆ ಆ ರೂಮಿಗೆ ಹೋಗೋಕೇ ಹೆದರಿಕೆ. ಇನ್ನೊಂದೆರಡು ವರ್ಷ ಇರ್ಲಿ ಅನ್ಕೊಂಡೆ."

ಐಟಿ ಕಾಯ್ದೆಯಡಿ ಬಂಧನವಾಯಿತು. ಬಂಧನದ ಪತ್ರಕ್ಕೆ ಮನೆಯವರ ಸಹಿ ಬೇಕಿತ್ತು. ವಚನಾ ಬಂದಳು, ಅಣ್ಣನತ್ತ ನೋಡದೆ ಸಹಿ ಹಾಕಿದಳು.

"ವಚ್ಚೂ..." ಎಂದ ಅವನು. ಅವಳು ಪೆನ್ನಿನ ಕ್ಯಾಪ್ ಹಾಕಿ ಮೇಜಿನ ಮೇಲಿಟ್ಟಳು.

"ಹೊರಡ್ಲಾ ಸಾರ್? ಪಕ್ಕದ್ಮನೆ ಆಂಟೀನ ಕೂರಿಸಿ ಬಂದಿದೀನಿ. ಅಮ್ಮನ್ನ ಮಗ್ಗುಲು ಹೊರಳಿಸ್ಬೇಕು."

"ಕುಸುಮಾ ಜೀಪಲ್ಲಿ ಬಿಟ್ಟು ಬರ್ತಾರೆ. ಮೇಲ್ ಸುಳ್ಳು ಅಂತ ತುಮಕೂರಿನವರಿಗೆ ನಾನೇ ಫೋನ್ ಮಾಡಿ ಹೇಳ್ತೀನಮ್ಮ."

ಬಾಗಿಲವರೆಗೆ ಹೋದ ವಚನಾ ತಿರುಗಿದಳು.

"ಹೇಳಿ ಸಾರ್. ನಾನು ಬಂದ್ರೆ ಅಮ್ಮನೂ ನನ್ನ ಜೊತೆ ಬರ್ತಾರೆ, ಅದನ್ನೂ ಹೇಳಿ."